ಕಾನ್ವೆಂಟಿನ ಅಂಗಳದ ನಡುವೆ ಪುನರ್ಪುಳಿ

ಮಂಗಳೂರಿನ ಹೊರವಲಯದ ಒಂದು ಕಾನ್ವೆಂಟಿನವರು ತಮ್ಮ ಒಳಾಂಗಳಕ್ಕೆ ಹೊಸ ತೋಟ ಮಾಡಿಕೊಡಿ ಎಂದು ಕೇಳಿದರು. ಯುರೋಪಿನ ಹಳೆಯ ಸನ್ಯಾಸಿ ಮಠಗಳ ತೋಟದ ಹಾಗಿರಬೇಕು, ಆದರೆ ಇಂದಿನದೂ ಆಗಿರಬೇಕು ಎಂಬುದು ಅವರ ಆಸೆ. ಪಟ್ಟಿಯಲ್ಲಿ ಲ್ಯಾವೆಂಡರ್, ಗುಲಾಬಿ, ಒಂದು ಕಾರಂಜಿ, ಒಂದೆರಡು ಪ್ರತಿಮೆ ಇದ್ದವು. 1870ರಲ್ಲೇ ಕಾರ್ಮೆಲ್ ಸನ್ಯಾಸಿನಿಯರು ಬಂದು ಮಠ ಕಟ್ಟಿದ ಊರು ಮಂಗಳೂರು. ಹಾಗಾಗಿ ಈ ಕೋರಿಕೆ ಇಲ್ಲಿಗೆ ಹೊರಗಿನದು ಅಂತ ನನಗೆ ಅನಿಸಲಿಲ್ಲ. ಆದರೆ ನರ್ಸರಿಗೆ ಹೋಗುವ ಮೊದಲು ಅವರ ಮುಂದೆ ಒಂದು ನಕ್ಷೆಯನ್ನು ಹರಡಿದೆ.

ಅದು ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಗ್ರಂಥಾಲಯದಲ್ಲಿರುವ ಚರ್ಮದ ಹಾಳೆಯ ನಕ್ಷೆ. ಸುಮಾರು 820–830ರಲ್ಲಿ ರೈಖೆನಾವ್ ದ್ವೀಪದ ಮಠದಲ್ಲಿ ಬರೆದದ್ದು. ಇಡೀ ಒಂದು ಮಠ ಹೇಗಿರಬೇಕೆಂದು ಅದರಲ್ಲಿದೆ. ನೋಡಿದರೆ ತೋಟ ಒಂದಲ್ಲ, ನಾಲ್ಕು. ಔಷಧಿ ಗಿಡಗಳ 16 ಮಡಿಗಳು ವೈದ್ಯರ ಮನೆಯ ಪಕ್ಕದಲ್ಲಿವೆ. ತರಕಾರಿಯ 18 ಮಡಿಗಳು ತೋಟದವನ ಮನೆಗೆ ಅಂಟಿಕೊಂಡಿವೆ. ಹಣ್ಣಿನ ಮರಗಳು ಸಮಾಧಿಗಳ ನಡುವೆ ಬೆಳೆಯುತ್ತವೆ. ಚೌಕಾಕಾರದ ಒಳಾಂಗಳದಲ್ಲಿ ಮಾತ್ರ ಏನೂ ತುಂಬಿಲ್ಲ: ನಾಲ್ಕು ಕಡೆಯಿಂದ ನಾಲ್ಕು ದಾರಿ, ನಡುವೆ ಒಂದು ಸದಾ ಹಸಿರಿನ ಗಿಡ, ಅಷ್ಟೇ. ಗಿಡಗಳ ಹೆಸರು ಓದುತ್ತಾ ಹೋದಾಗ ಸಿಸ್ಟರ್‌ಗಳ ಮುಖ ಅರಳಿತು. ಔಷಧಿ ಮಡಿಗಳಲ್ಲಿ ಮೆಂತೆ, ಜೀರಿಗೆ. ತರಕಾರಿ ಮಡಿಗಳಲ್ಲಿ ಕೊತ್ತಂಬರಿ, ಮೂಲಂಗಿ, ಬೆಳ್ಳುಳ್ಳಿ.

ನನ್ನ ಕೆಲಸದ ದಾರಿ ಅಲ್ಲಿಂದಲೇ ತೆರೆಯಿತು. ಮಠದ ತೋಟದ ಗುಣ ಇರುವುದು ಯಾವುದು ಎಲ್ಲಿ, ಯಾರ ಉಪಯೋಗಕ್ಕೆ ಎಂಬ ಕ್ರಮದಲ್ಲಿ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿ 66ನೇ ಅಧ್ಯಾಯದಲ್ಲಿ ಇದನ್ನೇ ಹೇಳುತ್ತದೆ: ನೀರು, ಬೀಸುವ ಕಲ್ಲಿನ ಮನೆ, ತೋಟ ಎಲ್ಲವೂ ಸಾಧ್ಯವಾದಷ್ಟು ಮಠದ ಒಳಗೇ ಇರಲಿ, ಸನ್ಯಾಸಿಗಳು ಹೊರಗೆ ಅಲೆಯುವ ಹಾಗಾಗದಿರಲಿ. ಅಂದಮೇಲೆ ಕರಾವಳಿಯಲ್ಲಿ ಒಣಹವೆಯ ಲ್ಯಾವೆಂಡರನ್ನು ಪ್ರತಿ ಮಳೆಗಾಲಕ್ಕೂ ಹೊಸದಾಗಿ ತಂದು ನೆಡುವುದು ಆ ಪರಂಪರೆಗೇ ಒಪ್ಪುವುದಿಲ್ಲ. ಮದರ್ ಇದಕ್ಕೆ ತಕ್ಷಣ ಒಪ್ಪಿದರು.

ಒಳಾಂಗಳ 40 ಅಡಿ ಉದ್ದ, 40 ಅಡಿ ಅಗಲ. ಸುತ್ತ ಹಂಚಿನ ಮಾಡಿನ ಜಗಲಿ ಮೊದಲೇ ಇತ್ತು. ನಡುವಿನ ಗಿಡ ಯಾವುದು ಎನ್ನುವುದಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ. ನಕ್ಷೆಯಲ್ಲಿರುವುದು ಜುನಿಪರ್ ಜಾತಿಯ ಸವಿನ್. ಇಲ್ಲಿ ಅದರ ಜಾಗಕ್ಕೆ ಪುನರ್ಪುಳಿ ಬಂತು. ಪಶ್ಚಿಮ ಘಟ್ಟದ ನಮ್ಮದೇ ಮರ, ವರ್ಷವಿಡೀ ಕಡುಹಸಿರು, ಗೋಪುರದಂತೆ ಮೇಲಕ್ಕೆ ಚೂಪಾಗಿ ಬೆಳೆಯುತ್ತದೆ, ಬೇಸಿಗೆಯಲ್ಲಿ ಶರಬತ್ತಿಗೆ ಹಣ್ಣು ಕೊಡುತ್ತದೆ. ಬೀಜದ ಸಸಿ ನೆಟ್ಟರೆ ಗಂಡುಮರವಾಗಿ ಹಣ್ಣೇ ಬಿಡದಿರಬಹುದು, ಹಾಗಾಗಿ ಕಸಿ ಗಿಡವೇ ಬೇಕು. ಅದರಲ್ಲೂ ನೆಟ್ಟಗೆ ಮೇಲೆ ಹೋಗುವ ಕುಡಿಯಿಂದ ಮಾಡಿದ ಕಸಿಯನ್ನು ಕೇಳಿ ತರಬೇಕು. ಪಕ್ಕದ ರೆಂಬೆಯ ಕಸಿ ಪೊದೆಯಂತೆ ಅಡ್ಡಕ್ಕೆ ಹರಡುತ್ತದೆ, ಗೋಪುರದ ಆಕಾರ ಬರುವುದಿಲ್ಲ. ಹಣ್ಣು ಉದುರಿ ಕಲ್ಲಿಗೆ ಕಲೆಯಾಗದಿರಲೆಂದು ಬುಡದ ಸುತ್ತ ಹುಲ್ಲಿನ ದೊಡ್ಡ ವೃತ್ತ ಬಿಟ್ಟೆ.

ಕಾರಂಜಿಯ ಮಾತು ಬಿಟ್ಟುಹೋಯಿತು, ಏಕೆಂದರೆ ಅಂಗಳದ ಒಂದು ಬದಿಯಲ್ಲಿ, ಊಟದ ಮನೆಯ ಬಾಗಿಲಿಗೆ ಎದುರಾಗಿ, ಹಳೆಯ ಬಾವಿ ಇತ್ತು. ಜರ್ಮನಿಯ ಮೌಲ್‌ಬ್ರೊನ್ ಮಠದಲ್ಲೂ ನೀರಿನ ಮಂಟಪ ಇರುವುದು ನಡುವೆ ಅಲ್ಲ, ಊಟದ ಮನೆಯ ಎದುರಿಗೆ. ಊಟಕ್ಕೆ ಮೊದಲು ಕೈ ತೊಳೆಯಲು. ಬಾವಿಕಟ್ಟೆಯನ್ನು ಸರಿಪಡಿಸಿ, ಪಕ್ಕದಲ್ಲಿ ಒಂದು ಕಲ್ಲಿನ ತೊಟ್ಟಿ ಇಟ್ಟೆವು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ. ಮಾಡಿನ ನೀರು ಬಿಟ್ಟು, ಬರೀ ಅಂಗಳದ ಮೇಲೆ ಬೀಳುವುದೇ ಐದು ಲಕ್ಷ ಲೀಟರ್ ದಾಟುತ್ತದೆ. ಮರದ ಬುಡದಿಂದ ಅಂಚಿನ ಕಡೆಗೆ 20 ಅಡಿಗೆ ಮೂರು ಇಂಚು ಇಳಿಜಾರು ಕೊಟ್ಟೆ. ನಾಲ್ಕು ಸುತ್ತಲೂ ತೆರೆದ ಕಲ್ಲಿನ ಕಾಲುವೆ, ಅಲ್ಲಿಂದ ಜಲ್ಲಿ-ಮರಳಿನ ಗುಂಡಿ, ನಂತರ ಬಾವಿ. ಕಾಲುವೆಗೆ ಮುಚ್ಚಳ ಬೇಡವೆಂದು ಹಟ ಹಿಡಿದೆ, ಎಲೆ ಕಟ್ಟಿಕೊಂಡರೆ ಕಣ್ಣಿಗೆ ಕಾಣಬೇಕು. ದಾರಿಗಳಿಗೆ ಮುರಕಲ್ಲು ಚೆನ್ನಾಗಿ ಕಂಡರೂ ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ವಯಸ್ಸಾದ ಸಿಸ್ಟರ್‌ಗಳು ವಾಕರ್ ಹಿಡಿದು ಓಡಾಡುವ ಜಾಗ ಅದು. ಆದ್ದರಿಂದ ಒರಟು ಮೈಯ ಗ್ರಾನೈಟ್, ಐದು ಅಡಿ ಅಗಲ, ಇಬ್ಬರು ಜೊತೆಯಾಗಿ ನಡೆಯುವಷ್ಟು.

ಔಷಧಿ ತೋಟ ಅಂಗಳದೊಳಗೆ ಇಲ್ಲ. ಕಾಯಿಲೆಯವರ ಕೋಣೆಯ ಕಿಟಕಿಯ ಹೊರಗಿದೆ. ರೈಖೆನಾವ್ ಮಠದ ವಾಲಾಫ್ರಿಡ್ ಸ್ಟ್ರಾಬೊ ಒಂಬತ್ತನೆಯ ಶತಮಾನದಲ್ಲಿ ತನ್ನ ತೋಟದ ಮೇಲೆ ಬರೆದ ಲ್ಯಾಟಿನ್ ಪದ್ಯದಲ್ಲಿ, ಮಣ್ಣು ಕೊಚ್ಚಿಹೋಗದಂತೆ ಮಡಿಗಳ ಸುತ್ತ ಹಲಗೆ ಕಟ್ಟಿದ್ದನ್ನು ಹೇಳುತ್ತಾನೆ. ನಮ್ಮ ಮಳೆಗೆ ಅದೇ ಉಪಾಯ, ಹಲಗೆಯ ಬದಲು ಕಾಂಕ್ರೀಟ್. ಹೆಚ್ಚು ಬಗ್ಗದೆ ಕೆಲಸ ಮಾಡಲು ಎರಡು ಅಡಿ ಎತ್ತರ, ಎರಡೂ ಕಡೆಯಿಂದ ಕೈಗೆಟುಕಲು ನಾಲ್ಕು ಅಡಿ ಅಗಲ. ದೊಡ್ಡಪತ್ರೆ, ತುಳಸಿ, ಒಂದೆಲಗ, ಲಾವಂಚ, ಮಜ್ಜಿಗೆಹುಲ್ಲು, ಅಂಚಿಗೆ ಆಡುಸೋಗೆ. ಕಷಾಯ, ತಂಬುಳಿಗೆ ಬೇಕಾದದ್ದೆಲ್ಲ ಅಲ್ಲಿಯೇ.

ಒಂದು ಮಡಿ ಪೂರ್ತಿ ಹೂವಿಗೆ ಮೀಸಲು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮುಂಚಿನ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಪೇಟೆಯ ಹೂ ಬೇಡ, ನಮ್ಮ ಗಿಡದ್ದೇ ಆಗಲಿ ಎಂದವರು ಸಿಸ್ಟರ್‌ಗಳೇ. ಮಳೆಯಲ್ಲೂ ಹೂ ಬಿಡುವ ಕೇಪುಳ, ದಾಸವಾಳ, ನಂದಬಟ್ಟಲು ನೆಟ್ಟೆವು. ಗೊಂಡೆ ಬೀಜವನ್ನು ಜೂನ್ ಕೊನೆಯೊಳಗೆ ಮಾಡಿನ ಅಡಿಯಲ್ಲಿ ಬಿತ್ತಿದರೆ ಹಬ್ಬಕ್ಕೆ ಸಿಗುತ್ತದೆ.

ಪ್ರತಿ ಮಡಿಯ ಉದ್ದ 12 ಅಡಿಗೆ ನಿಲ್ಲಿಸಿದ್ದಕ್ಕೆ ಕಾರಣ ಅವರ ದಿನಚರಿ. ಬೆಳಗಿನ ಪೂಜೆಯ ಬಳಿಕ ಕೆಲಸಕ್ಕೆ ಸಿಗುವುದು ಅರ್ಧ ಗಂಟೆ; ಒಬ್ಬರು ಅಷ್ಟರಲ್ಲಿ ಒಂದು ಮಡಿಯ ಕಳೆ ತೆಗೆದು ಮುಗಿಸುವಂತಿರಬೇಕು. ಇನ್ನು ಉಳಿದಿರುವುದು ಅಡುಗೆಮನೆಯ ಹಿಂದಿನ ತರಕಾರಿ ತೋಟ. ಅಡುಗೆಯ ಸಿಸ್ಟರ್ ಬಸಳೆ ಚಪ್ಪರಕ್ಕೆ ಜಾಗ ಗುರುತು ಮಾಡಿ ಆಗಿದೆ, ಮಳೆ ಬಿಟ್ಟ ಮೇಲೆ ಕಂಬ ನೆಡುತ್ತೇವೆ.