ನೆಗಡಿಯೋ, ಸೈನಸ್ ಸೋಂಕೋ: ನಾನು ಗುರುತು ಹಿಡಿಯುವುದು ಹೀಗೆ

ನನಗೆ ನೆಗಡಿ ಬಂದರೆ ಸುಮ್ಮನೆ ಬಂದು ಹೋಗುವುದು ಕಡಿಮೆ. ಮೂಗಿನ ನಡುಗೋಡೆ ಸ್ವಲ್ಪ ಓರೆ ಇದೆ. ಜೊತೆಗೆ ಧೂಳಿನ ಅಲರ್ಜಿ. ಹಾಗಾಗಿ ಆಗಾಗ ಸೈನಸ್ ತೊಂದರೆ ತಪ್ಪಿದ್ದಲ್ಲ. ಇಷ್ಟು ವರ್ಷ ಇದರ ಜೊತೆ ಏಗಿದ ಮೇಲೆ ಯಾವುದು ಬರೀ ನೆಗಡಿ, ಯಾವುದು ಸೋಂಕಿನ ಕಡೆ ತಿರುಗಿದೆ, ಯಾವಾಗ ಕಾಯಬಹುದು, ಯಾವಾಗ ಕಾಯಬಾರದು ಎಂದು ನೋಡಿಕೊಳ್ಳುವ ಒಂದು ಕ್ರಮ ರೂಢಿಯಾಗಿದೆ. ನಾನು ಡಾಕ್ಟರ್ ಅಲ್ಲ. ಇದು ರೋಗಿಯಾಗಿ ನಾನು ಮಾಡಿಕೊಂಡು ಬಂದ ಕೆಲಸ, ಇಎನ್‌ಟಿ ಡಾಕ್ಟರ್ ಹತ್ತಿರ ಕೇಳಿ ಕೇಳಿ ತಿದ್ದಿಕೊಂಡದ್ದು.

ಮೊದಲು ಒಳಗೆ ಏನಾಗುತ್ತದೆ ಅನ್ನುವುದು ಗೊತ್ತಿದ್ದರೆ ಲಕ್ಷಣಗಳು ತಾವಾಗಿಯೇ ಅರ್ಥವಾಗುತ್ತವೆ. ಮುಖದ ಮೂಳೆಗಳ ಒಳಗೆ ಗಾಳಿ ತುಂಬಿದ ನಾಲ್ಕು ಜೋಡಿ ಪೊಳ್ಳು ಜಾಗಗಳಿವೆ, ಇವೇ ಸೈನಸ್‌ಗಳು. ಕೆನ್ನೆಯ ಹಿಂದೆ ಒಂದು ಜೋಡಿ. ಹುಬ್ಬಿನ ಮೇಲೆ ಹಣೆಯಲ್ಲಿ ಒಂದು. ಎರಡು ಕಣ್ಣುಗಳ ನಡುವೆ ಸಣ್ಣ ಸಣ್ಣ ಗೂಡುಗಳಾಗಿ ಒಂದು. ಮೂಗಿನ ಹಿಂದೆ, ತಲೆಯ ಆಳದಲ್ಲಿ ಇನ್ನೊಂದು. ಇವುಗಳ ಒಳಪದರದಲ್ಲಿ ಯಾವಾಗಲೂ ತೆಳು ಲೋಳೆ ತಯಾರಾಗುತ್ತಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಅದನ್ನು ಒಂದು ಕಿರಿದಾದ ಬಾಯಿಯ ಕಡೆ ತಳ್ಳಿ ಮೂಗಿಗೆ ಬಿಡುತ್ತವೆ. ನೆಗಡಿಯಾದಾಗ ಆ ಬಾಯಿ ಊದಿಕೊಂಡು ಮುಚ್ಚುತ್ತದೆ. ಲೋಳೆ ಒಳಗೇ ನಿಲ್ಲುತ್ತದೆ. ಕೆನ್ನೆಯ ಸೈನಸ್‌ಗೆ ಇನ್ನೊಂದು ಕಷ್ಟ ಇದೆ: ಅದರ ಬಾಯಿ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ನಾವು ನಿಂತಿರುವಾಗ ಲೋಳೆ ತಾನಾಗಿ ಇಳಿದು ಹೋಗುವ ಹಾಗಿಲ್ಲ, ಆ ಎಳೆಗಳೇ ಮೇಲಕ್ಕೆ ಸಾಗಿಸಬೇಕು. ನನಗೆ ಯಾವಾಗಲೂ ಕೆನ್ನೆಯೇ ಮೊದಲು ಭಾರವಾಗುವುದು. ಈ ವಿಷಯ ತಿಳಿದ ಮೇಲೆ ಅದರಲ್ಲಿ ಆಶ್ಚರ್ಯ ಅನಿಸಲಿಲ್ಲ.

ಇನ್ನು ಸಿಂಬಳದ ಬಣ್ಣದ ಮಾತು. "ಹಸಿರಾಗಿದೆ, ಸೋಂಕಾಗಿದೆ, ಆಂಟಿಬಯಾಟಿಕ್ ತಗೋ" ಎಂದು ಯಾರಾದರೂ ಹೇಳದ ನೆಗಡಿಯೇ ಇಲ್ಲ. ನಾನು ಬಣ್ಣವನ್ನು ನೋಡುತ್ತೇನೆ, ಆದರೆ ಅದೊಂದನ್ನೇ ನಂಬಿ ತೀರ್ಮಾನ ಮಾಡುವುದಿಲ್ಲ. ಹಳದಿ, ಹಸಿರು ಬರುವುದು ರೋಗದ ವಿರುದ್ಧ ಹೋರಾಡಲು ಬಂದ ಬಿಳಿ ರಕ್ತಕಣಗಳಿಂದ. ಆ ಕಣಗಳೊಳಗಿನ ಒಂದು ಕಿಣ್ವದ ಬಣ್ಣವೇ ಹಸಿರು. ವೈರಸ್ ಬಂದರೂ ಅವು ಬರುತ್ತವೆ, ಬ್ಯಾಕ್ಟೀರಿಯಾ ಬಂದರೂ ಬರುತ್ತವೆ. ಸಾಮಾನ್ಯ ನೆಗಡಿಯಲ್ಲೂ ಕೆಲವು ದಿನ ಗಟ್ಟಿಯಾಗಿ, ಹಳದಿಯಾಗಿ, ಆಮೇಲೆ ಮತ್ತೆ ತಿಳಿಯಾಗುವುದು ಮಾಮೂಲು.

ಹಾಗಾದರೆ ಯಾವುದನ್ನು ನಂಬಬೇಕು? ದಿನಗಳ ಲೆಕ್ಕವನ್ನು. ಇದನ್ನು ನನಗೆ ಕಲಿಸಿದ್ದು ನಮ್ಮ ಡಾಕ್ಟರ್ ಕೇಳಿದ ಒಂದು ಪ್ರಶ್ನೆ. ನಾನು ತಲೆನೋವು, ಮೂಗು ಕಟ್ಟಿದೆ, ಸುಸ್ತು ಅಂತ ಒಂದೇ ಸಮನೆ ಹೇಳುತ್ತಿದ್ದೆ. ಅವರು ತಡೆದು, "ಇವತ್ತು ಹೇಗಿದೆ ಅನ್ನೋದು ಗೊತ್ತಾಯ್ತು. ಮೊನ್ನೆಗಿಂತ ಇವತ್ತು ಹೇಗಿದೆ, ಅದನ್ನ ಹೇಳಿ" ಎಂದರು. ಅವತ್ತಿನಿಂದ ನೆಗಡಿ ಶುರುವಾದ ದಿನವೇ ಒಂದು ಪುಟ ತೆರೆಯುತ್ತೇನೆ.

ಆ ಪುಟದಲ್ಲಿ ದೊಡ್ಡ ಬರಹ ಇರುವುದಿಲ್ಲ. ದಿನಕ್ಕೊಂದು ಸಾಲು, ಬೆಳಿಗ್ಗೆ ಒಂದೇ ಹೊತ್ತಿಗೆ. ಮೂಗು ಎಷ್ಟು ಕಟ್ಟಿದೆ, ಯಾವ ಕಡೆ. ಬರುತ್ತಿರುವುದು ನೀರೋ, ಗಟ್ಟಿಯೋ. ಗಂಟಲ ಹಿಂದೆ ಇಳಿಯುತ್ತಿದೆಯಾ. ಸೋಪಿನ ವಾಸನೆ ತಿಳಿಯುತ್ತಾ. ಬಗ್ಗಿ ಶೂ ಲೇಸ್ ಕಟ್ಟುವಾಗ ಮುಖ ಭಾರವಾಗುತ್ತಾ. ಜ್ವರ ಎಷ್ಟು. ಕೊನೆಯಲ್ಲಿ ಒಂದು ಪದ: ನಿನ್ನೆಗಿಂತ ಮೇಲು, ಹಾಗೇ ಇದೆ, ಅಥವಾ ಜಾಸ್ತಿ. ಒಂದು ನಿಮಿಷದ ಕೆಲಸ. ಆದರೆ ಒಂದು ವಾರ ಕಳೆದ ಮೇಲೆ ಆ ಕೊನೆಯ ಪದಗಳನ್ನು ಮಾತ್ರ ಮೇಲಿಂದ ಕೆಳಗೆ ಓದಿದರೆ ಕಾಯಿಲೆ ಯಾವ ಕಡೆ ಹೋಗುತ್ತಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ನೆನಪಿನ ಮೇಲೆ ಬಿಟ್ಟರೆ ಹಾಗೆ ಕಾಣುವುದಿಲ್ಲ. ನಿದ್ದೆ ಕೆಟ್ಟ ದಿನ ಎಲ್ಲವೂ ಮೊದಲಿನಿಂದಲೂ ಹೀಗೇ ಇತ್ತು ಅನಿಸುತ್ತದೆ.

ಮೂಗಿನ ಕಡೆ ಬರೆಯುವಾಗ ಒಂದು ವಿಷಯ ನೆನಪಿರಲಿ. ಆರೋಗ್ಯವಾಗಿದ್ದಾಗಲೂ ಎರಡು ಹೊಳ್ಳೆಗಳು ಸರದಿಯಂತೆ ಕೆಲವು ಗಂಟೆಗೊಮ್ಮೆ ಬಿಗಿಯಾಗಿ ಸಡಿಲವಾಗುತ್ತವೆ. ಎಡಗಡೆ ಕಟ್ಟಿದ್ದು ಸಂಜೆ ಬಲಗಡೆಗೆ ಹೋದರೆ ಅದು ರೋಗ ಓಡಾಡುತ್ತಿರುವುದಲ್ಲ. ದಿನವಿಡೀ ಒಂದೇ ಕಡೆ ಕಟ್ಟಿಕೊಂಡು, ಅದೇ ಕಡೆಯ ಕೆನ್ನೆ ನೋಯುತ್ತಿದ್ದರೆ ಆಗ ಅದಕ್ಕೊಂದು ಗುರುತು ಹಾಕುತ್ತೇನೆ.

ಬ್ಯಾಕ್ಟೀರಿಯಾ ಸೋಂಕು ಇರಬಹುದು ಎಂದು ಡಾಕ್ಟರುಗಳು ಅನುಮಾನ ಪಡುವುದು ಮುಖ್ಯವಾಗಿ ಮೂರು ರೀತಿಯ ನಡೆಯಿಂದ. ಒಂದು, 10 ದಿನ ಕಳೆದರೂ ಸ್ವಲ್ಪವೂ ಇಳಿಯದಿರುವುದು. ಎರಡು, ಶುರುವಿನಲ್ಲೇ 102 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಜೊತೆಗೆ ಕೀವಿನಂಥ ಸಿಂಬಳ ಅಥವಾ ಮುಖದ ನೋವು, ಅದು 3-4 ದಿನ ಬಿಡದೆ ಇರುವುದು. ಮೂರನೆಯದು ನನಗೆ ಚೆನ್ನಾಗಿ ಪರಿಚಯ ಇರುವಂಥದ್ದು: ಐದಾರು ದಿನಕ್ಕೆ ನೆಗಡಿ ಇಳಿಯುತ್ತಾ ಬಂದು, ಇನ್ನೇನು ವಾಸಿಯಾಯಿತು ಅನ್ನುವಾಗ ಮತ್ತೆ ಏರುವುದು.

ಈ ಮೂರನೆಯದು ಹೇಗಿರುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಸಲ ನನ್ನ ಪುಟದಲ್ಲಿ ಸಾಲಾಗಿ "ಮೇಲು, ಮೇಲು" ಎಂದು ಬರುತ್ತಿತ್ತು. ಸೋಪಿನ ವಾಸನೆ ವಾಪಸ್ ಬಂದಿತ್ತು, ರಾತ್ರಿ ಬಾಯಿ ತೆರೆಯದೆ ಮಲಗಿದ್ದೆ. ಮಾರನೆ ದಿನ ಎದ್ದಾಗ ಬಲಗೆನ್ನೆ ಒಳಗಿಂದ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ಮಂಚದಿಂದ ಇಳಿದು ಚಪ್ಪಲಿಗಾಗಿ ಬಗ್ಗಿದರೆ ಕಣ್ಣಿನ ಕೆಳಗಿನ ತನಕ ನೋವು ಹಬ್ಬಿತು. ಮಧ್ಯಾಹ್ನ ಅಗಿಯುವಾಗ ಬಲಗಡೆ ಮೇಲಿನ ದವಡೆ ಹಲ್ಲುಗಳು ಜುಮ್ಮೆಂದವು. ಒಂದು ಹಲ್ಲಲ್ಲ, ಅಕ್ಕಪಕ್ಕದ ಎರಡು ಮೂರು ಹಲ್ಲು. ಸಂಜೆಗೆ ಮೈ ಬೆಚ್ಚಗಾಯಿತು, ವಾಸನೆ ಪೂರ್ತಿ ಹೋಯಿತು, ಬಲ ಹೊಳ್ಳೆಯಿಂದ ಮಾತ್ರ ಗಟ್ಟಿ ಹಳದಿ ಬರತೊಡಗಿತು. ಇವೆಲ್ಲ ಸೇರಿ ಬಂದಾಗ ನಾನು 10 ದಿನ ತುಂಬಲಿ ಎಂದು ಕಾಯುವುದಿಲ್ಲ. ಅವತ್ತೇ ಪುಟ ಹಿಡಿದು ಡಾಕ್ಟರ್ ಹತ್ತಿರ ಹೋದೆ. ಅವರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು, ಗಂಟಲು ನೋಡಿದರು, ಕೆನ್ನೆ ಒತ್ತಿದರು. ಆದರೆ ಹೆಚ್ಚು ಹೊತ್ತು ಓದಿದ್ದು ಪುಟವನ್ನೇ. ಆ ಸಲ ಆಂಟಿಬಯಾಟಿಕ್ ಕೊಟ್ಟರು. ಅದಕ್ಕೂ ಹಿಂದಿನ ಎಷ್ಟೋ ಸಲ ಕೊಟ್ಟಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಶೀತದ ವೈರಸ್ ತಗುಲಿದ ದೊಡ್ಡವರಲ್ಲಿ ಬ್ಯಾಕ್ಟೀರಿಯಾ ಸೋಂಕಿಗೆ ತಿರುಗುವುದು ನೂರಕ್ಕೆ ಎರಡಕ್ಕಿಂತ ಹೆಚ್ಚಲ್ಲ.

ಹಲ್ಲು ನೋಯುವುದಕ್ಕೆ ಕಾರಣ ಇದೆ. ಮೇಲಿನ ದವಡೆ ಹಲ್ಲುಗಳ ಬೇರಿನ ತುದಿಗೂ ಕೆನ್ನೆಯ ಸೈನಸ್‌ನ ತಳಕ್ಕೂ ನಡುವೆ ಇರುವುದು ತೆಳುವಾದ ಮೂಳೆ. ಇದು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಸೈನಸ್ ತುಂಬಿದರೆ ಹಲ್ಲು ನೋಯುತ್ತದೆ. ಹಲ್ಲಿನ ಬೇರು ಕೀವುಗಟ್ಟಿದರೆ ಸೈನಸ್‌ಗೆ ಸೋಂಕು ಹೋಗುತ್ತದೆ. ಒಂದೇ ಹಲ್ಲು ತಟ್ಟಿದಾಗ ಚುಚ್ಚಿದಂತಾಗಿ, ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಹಲ್ಲಿನ ಡಾಕ್ಟರಿಗೂ ತೋರಿಸಬೇಕು. ಹಲ್ಲು ಸರಿ ಮಾಡದೆ ಮೂಗಿಗೆ ಎಷ್ಟು ಔಷಧಿ ಮಾಡಿದರೂ ಆ ಸೋಂಕು ಮತ್ತೆ ಮತ್ತೆ ಬರುತ್ತದೆ.

ತಲೆನೋವಿನ ವಿಷಯದಲ್ಲಿ ನಾನು ತುಂಬಾ ಹುಷಾರು, ನಮ್ಮ ಅಕ್ಕನ ಕಾರಣಕ್ಕೆ. ವರ್ಷಗಟ್ಟಲೆ ಅವಳು "ನಂಗೂ ನಿನ್ ಥರಾನೇ ಸೈನಸ್" ಅನ್ನುತ್ತಿದ್ದಳು. ಹಣೆ ನೋವು, ಕಣ್ಣಲ್ಲಿ ನೀರು, ಮೂಗೂ ಸ್ವಲ್ಪ ಕಟ್ಟುತ್ತಿತ್ತು. ಅವಳಿಗೂ ಒಂದು ಪುಟ ಬರೆಯಲು ಹೇಳಿದೆ. ಬರೆದದ್ದನ್ನು ನೋಡಿದರೆ ಕಥೆಯೇ ಬೇರೆ. ನೋವು ಬಂದ ದಿನ ಬೆಳಕು ಕಂಡರೆ ಆಗದು, ಹೊಟ್ಟೆ ತೊಳಸುತ್ತದೆ, ಕತ್ತಲೆ ಕೋಣೆಯಲ್ಲಿ ಮಲಗಿದರೆ ಒಂದೆರಡು ದಿನದಲ್ಲಿ ಪೂರ್ತಿ ಮಾಯ. ಗಟ್ಟಿ ಸಿಂಬಳ ಒಂದು ದಿನವೂ ಇಲ್ಲ, ವಾಸನೆ ಹೋದದ್ದೂ ಇಲ್ಲ. ಡಾಕ್ಟರ್ ಅದನ್ನು ಮೈಗ್ರೇನ್ ಎಂದರು, ಅದರ ಚಿಕಿತ್ಸೆಯಿಂದ ಅವಳಿಗೆ ಹಿತವಾಯಿತು. ಇಂಥವರು ಕಡಿಮೆ ಇಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೈನಸ್ ತಲೆನೋವು ಇದೆ ಎಂದುಕೊಂಡಿದ್ದ ಸುಮಾರು 3000 ಜನರನ್ನು ವಿಚಾರಿಸಿದಾಗ ಶೇಕಡಾ 88ರಷ್ಟು ಮಂದಿಯ ನೋವು ಮೈಗ್ರೇನ್ ರೀತಿಯದಾಗಿತ್ತು. ಮೈಗ್ರೇನ್‌ನಲ್ಲೂ ಮೂಗು, ಕಣ್ಣು ಸೋರುವುದರಿಂದ ಗೊಂದಲವಾಗುತ್ತದೆ. ಮೂಗಲ್ಲಿ ಏನೂ ಇಲ್ಲದೆ ಬರೀ ಹಣೆ ನೋಯುತ್ತಿದ್ದರೆ ನಾನು ಅದನ್ನು ಸೈನಸ್ ಎಂದು ಬರೆದುಕೊಳ್ಳುವುದಿಲ್ಲ.

ಅಲರ್ಜಿ ಗುರುತಿಸುವುದು ಇದಕ್ಕಿಂತ ಸುಲಭ. ಸಾಲುಸಾಲಾಗಿ ಸೀನು, ಕಣ್ಣು ಮತ್ತು ಮೂಗಿನ ತುರಿಕೆ, ನೀರಿನಂಥ ಸಿಂಬಳ. ಜ್ವರ ಇರುವುದಿಲ್ಲ. ಧೂಳಿನಿಂದ ದೂರ ಹೋದರೆ ಇಳಿಯುತ್ತದೆ. ಆದರೆ ಅಲರ್ಜಿಯಿಂದ ಊದಿದ ಮೂಗಿನಲ್ಲಿ ಸೈನಸ್ ಬಾಯಿಗಳು ಬೇಗ ಮುಚ್ಚುತ್ತವೆ. ಅದಕ್ಕೇ ಅಲರ್ಜಿ ಕಾಲದಲ್ಲಿ ನಾನು ಪುಟವನ್ನು ಬೇಗ ತೆರೆಯುವುದು.

"ಒಂದು ಸ್ಕ್ಯಾನ್ ಮಾಡಿಸಿಬಿಟ್ಟರೆ ಆಯ್ತಲ್ವಾ?" ಎಂದು ಕೇಳುವವರಿದ್ದಾರೆ. ನಾನೂ ಕೇಳಿದ್ದೆ. ತೊಡಕಿಲ್ಲದ ಹೊಸ ಸೋಂಕಿಗೆ ಸ್ಕ್ಯಾನ್ ಬೇಡ ಅನ್ನುವುದೇ ಡಾಕ್ಟರುಗಳ ಪದ್ಧತಿ. 1994ರಲ್ಲಿ ಮಾಮೂಲಿ ನೆಗಡಿಯಾದ 31 ಜನರಿಗೆ ಸಿಟಿ ಸ್ಕ್ಯಾನ್ ಮಾಡಿ ನೋಡಿದ್ದರು. ಬಹುತೇಕ ಎಲ್ಲರ ಕೆನ್ನೆಯ ಸೈನಸ್‌ನಲ್ಲೂ ಏನಾದರೂ ತುಂಬಿಕೊಂಡಂತೆ ಕಂಡಿತು. ಆಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಆಂಟಿಬಯಾಟಿಕ್ ಇಲ್ಲದೆಯೇ ಅದು ತಿಳಿಯಾಗಿತ್ತು. ಅಂದರೆ ನೆಗಡಿಯ ಮೊದಲ ವಾರದಲ್ಲಿ ಸ್ಕ್ಯಾನ್ ತೆಗೆದರೆ ನಮ್ಮೆಲ್ಲರ ಸೈನಸ್ಸೂ ಕೆಟ್ಟದಾಗಿಯೇ ಕಾಣುತ್ತದೆ.

ಕಾಯುವ ದಿನಗಳಲ್ಲಿ ಕೈಕಟ್ಟಿ ಕೂರುವುದಿಲ್ಲ. ಉಪ್ಪುನೀರಿನಿಂದ ಮೂಗು ತೊಳೆಯುತ್ತೇನೆ. ಇದರಲ್ಲಿ ನೀರಿನ ಬಗ್ಗೆ ಒಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಲ್ಲಿ ನೀರನ್ನು ನೇರವಾಗಿ ಮೂಗಿಗೆ ಬಿಡಬಾರದು. ಚೆನ್ನಾಗಿ ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ನೀರೇ ಆಗಬೇಕು. ಕೆಲವು ನೀರಿನಲ್ಲಿರುವ ನೇಗ್ಲೇರಿಯಾ ಅನ್ನುವ ಅಮೀಬಾ ಕುಡಿದರೆ ಏನೂ ಮಾಡದು, ಮೂಗಿನ ಮೂಲಕ ಹೋದರೆ ಮಿದುಳಿಗೆ ಹತ್ತಿ ಜೀವ ತೆಗೆಯುತ್ತದೆ. ಅದು ಬಹಳ ಅಪರೂಪ, ಆದರೆ ತಡೆಯಲು ಬೇಕಾದ್ದು ಕುದಿಸಿದ ನೀರು ಮಾತ್ರ. ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳನ್ನು ಮೂರು ದಿನಕ್ಕಿಂತ ಜಾಸ್ತಿ ಹಾಕುವುದಿಲ್ಲ. ಜಾಸ್ತಿ ದಿನ ಹಾಕಿದರೆ ಆ ಹನಿಯಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ, ಆಗ ಲಕ್ಷಣ ಯಾವುದು, ಔಷಧಿಯ ಪರಿಣಾಮ ಯಾವುದು ಎಂದು ಪುಟದಲ್ಲೂ ತಿಳಿಯುವುದಿಲ್ಲ.

ಪುಟವನ್ನು ಪಕ್ಕಕ್ಕಿಟ್ಟು, ಅದು ಎಷ್ಟನೇ ದಿನವೇ ಆಗಿರಲಿ, ಕೂಡಲೇ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳೂ ಇವೆ. ನಮ್ಮ ಮನೆಯಲ್ಲಿ ಇವನ್ನು ಎಲ್ಲರಿಗೂ ಹೇಳಿಟ್ಟಿದ್ದೇನೆ. ಕಣ್ಣಿನ ಸುತ್ತ ಊದಿ ಕೆಂಪಾಗುವುದು. ಕಣ್ಣು ಆಡಿಸಿದರೆ ನೋವು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂದವಾಗುವುದು. ಹಣೆಯ ಮೇಲೆ ಮೆತ್ತಗೆ ಊದುವುದು. ತಡೆಯಲಾಗದ ತಲೆನೋವಿನ ಜೊತೆ ಕುತ್ತಿಗೆ ಬಿಗಿತ, ಮಂಪರು, ಮಾತು ತಪ್ಪುವುದು. ಸೈನಸ್‌ಗೂ ಕಣ್ಣುಗುಡ್ಡೆಯ ಗೂಡಿಗೂ ನಡುವೆ ಇರುವ ಮೂಳೆ ಕಾಗದದಷ್ಟು ತೆಳು, ಮಿದುಳೂ ದೂರವಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮುಖದ ಒಂದು ಕಡೆ ಮರಗಟ್ಟಿದರೆ, ಮೂಗಿನಲ್ಲಿ ಅಥವಾ ಅಂಗುಳಲ್ಲಿ ಕಪ್ಪು ಕಂಡರೆ ಒಂದು ರಾತ್ರಿಯೂ ಕಾಯಬಾರದು. ಅದು ವೇಗವಾಗಿ ಹರಡುವ ಶಿಲೀಂಧ್ರ ಸೋಂಕು ಇರಬಹುದು. ತಲೆಗೆ ಪೆಟ್ಟು ಬಿದ್ದ ಮೇಲೆ ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ನೆಗಡಿಯಲ್ಲ, ಮಿದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು.

ಮಕ್ಕಳ ವಿಷಯ ಬೇರೆ. ಅವರು ಮುಖ ಭಾರ ಎಂದು ಹೇಳುವುದಿಲ್ಲ. ಹಗಲಲ್ಲೂ ಬಿಡದ ಕೆಮ್ಮು, 10 ದಿನ ದಾಟಿದರೂ ಸುರಿಯುವ ಮೂಗು, ಬಾಯಿ ವಾಸನೆ, ಕಿರಿಕಿರಿ, ಇವನ್ನು ನೋಡಬೇಕು. ಪುಟ್ಟ ಮಗುವಿಗೆ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಮೊದಲು ಕೇಳಿಕೊಳ್ಳಬೇಕಾದ್ದು, ಮಣಿಯನ್ನೋ ಕಾಳನ್ನೋ ಮೂಗಿಗೆ ತುರುಕಿಕೊಂಡಿದೆಯಾ ಎಂದು.

ಮಾತ್ರೆ ಶುರುವಾದ ಮೇಲೂ ನಾನು ಬರೆಯುವುದನ್ನು ನಿಲ್ಲಿಸುವುದಿಲ್ಲ. ಎರಡು ಮೂರು ದಿನದಲ್ಲಿ ಇನ್ನೂ ಹೆಚ್ಚಾದರೆ, ಅಥವಾ ಮೂರರಿಂದ ಐದು ದಿನದಲ್ಲಿ ಏನೂ ಇಳಿಯದಿದ್ದರೆ ಡಾಕ್ಟರಿಗೆ ತಿಳಿಸುತ್ತೇನೆ. ಔಷಧಿ ಬದಲಿಸುವುದೋ, ಬೇರೆ ಕಾರಣ ಹುಡುಕುವುದೋ ಅವರು ನೋಡುತ್ತಾರೆ. ಮೂಗು ಕಟ್ಟುವುದು, ಸಿಂಬಳ, ಮುಖದ ಭಾರ, ವಾಸನೆ ತಿಳಿಯದಿರುವುದು, ಇವುಗಳಲ್ಲಿ ಎರಡಾದರೂ 12 ವಾರ ದಾಟಿ ಉಳಿದರೆ ಅದು ದೀರ್ಘಕಾಲದ ಸೈನಸ್ ತೊಂದರೆಯ ಲೆಕ್ಕಕ್ಕೆ ಬರುತ್ತದೆ. ಆಗ ಮೂಗಿನೊಳಗೆ ಎಂಡೋಸ್ಕೋಪ್ ಬಿಟ್ಟು ನೋಡುವುದು, ಸಿಟಿ ಸ್ಕ್ಯಾನ್, ಒಳಗೆ ಮೃದುವಾದ ಗಂಟು ಬೆಳೆದಿದೆಯೇ ಎಂಬ ತಪಾಸಣೆ ಎಲ್ಲ ಬೇಕಾಗುತ್ತದೆ. ಆ ಭೇಟಿಗೆ ಹೋಗುವಾಗ ಹಳೆಯ ಪುಟಗಳನ್ನೂ ಜೊತೆಗೆ ಒಯ್ಯುತ್ತೇನೆ. ಯಾವ ತಿಂಗಳು ಶುರುವಾಯಿತು, ಯಾವ ಕಡೆ, ಯಾವ ಔಷಧಿಗೆ ಎಷ್ಟು ಇಳಿಯಿತು ಎಂದು ಅವರು ಕೇಳುವ ಮೊದಲ ಪ್ರಶ್ನೆಗಳಿಗೆ ಅದರಲ್ಲೇ ಉತ್ತರ ಇರುತ್ತದೆ.