ಕಿಬ್ಬೊಟ್ಟೆ ನೋವು ಅಂದರೆ ಮೊದಲು ಯುಪಿಟಿ ಕಾರ್ಡ್

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ನಾನು ಸ್ಟಾಫ್ ನರ್ಸ್. ಹೆರುವ ವಯಸ್ಸಿನ ಹೆಂಗಸು ಕಿಬ್ಬೊಟ್ಟೆ ನೋವು ಅಂತ ಬಂದರೆ, ಗ್ಯಾಸ್ಟ್ರಿಕ್ ಮಾತ್ರೆಯ ಮಾತು ಆಮೇಲೆ. ಮೊದಲು ಮೂತ್ರ ತರಿಸಿ, ಬಸಿರಿದೆಯಾ ಅಂತ ತೋರಿಸುವ ಯುಪಿಟಿ ಕಾರ್ಡ್ ಹಾಕುತ್ತೇನೆ. ಆಪರೇಷನ್ ಆಗಿದೆ ಅಂದರೂ ಅಷ್ಟೇ, ಮೊನ್ನೆ ತಾನೇ ಮುಟ್ಟಾಯ್ತು ಅಂದರೂ ಅಷ್ಟೇ.

ದಾರಿ ತಪ್ಪಿಸುವುದು ಈ ಎರಡು ಮಾತುಗಳೇ. ಸಂತಾನಹರಣ ಆಪರೇಷನ್ ಆದಮೇಲೆ ಬಸಿರು ನಿಲ್ಲುವುದು ಅಪರೂಪ. ಆದರೆ ನಿಂತರೆ, ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಗರ್ಭಕೋಶದ ಹೊರಗೆ, ಹೆಚ್ಚಾಗಿ ಟ್ಯೂಬಿನಲ್ಲೇ, ಅಂದರೆ ಗರ್ಭನಾಳದಲ್ಲೇ ಇರುತ್ತದೆ. ಇನ್ನು ಮುಟ್ಟು. ಎಷ್ಟು ಹೋಯ್ತು, ಯಾವ ಬಣ್ಣ, ಪ್ರತಿ ತಿಂಗಳ ಹಾಗೇ ಇತ್ತಾ ಅಂತ ಬಿಡಿಸಿ ಕೇಳಬೇಕು. ಡೇಟ್ ದಾಟಿದ ಮೇಲೆ ಕಂದು ಬಣ್ಣದಲ್ಲಿ ಚೂರುಚೂರೇ ಕಾಣಿಸಿಕೊಂಡರೆ ಅದನ್ನು ಮುಟ್ಟು ಅಂತ ಬರೆದುಕೊಳ್ಳಬಾರದು.

ಒಂದು ಸಂಜೆ ಅತ್ತೆ ಸೊಸೆಯನ್ನು ಹಿಡಿದುಕೊಂಡು ಬಂದರು. ಬಲಗಡೆ ಕಿಬ್ಬೊಟ್ಟೆ ನೋವು, ಬಚ್ಚಲಲ್ಲಿ ತಲೆಸುತ್ತಿ ಬಿದ್ದಿದ್ದಳು. ಭುಜವೂ ನೋಯುತ್ತಿದೆ ಅಂದಳು.

"ಕಡ್ಲೆಕಾಯಿ ಮೂಟೆ ಎತ್ತಿದಾಳೆ ಸಿಸ್ಟರಮ್ಮ, ಅದಕ್ಕೇ" ಅಂದರು ಅತ್ತೆ.

ನನಗೆ ಗಾಬರಿಯಾಗಿದ್ದು ಆ ಭುಜದ ನೋವಿಗೇ. ಹೊಟ್ಟೆಯೊಳಗೆ ರಕ್ತ ಸೋರಿ ವಪೆಗೆ, ಅಂದರೆ ಎದೆ-ಹೊಟ್ಟೆ ನಡುವಿನ ಪರದೆಗೆ, ತಾಗಿದರೆ ನೋವು ಭುಜದ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ, ಮಲಗಿದರೆ ಜಾಸ್ತಿಯಾಗುತ್ತದೆ. ನಾಡಿ ಓಡುತ್ತಿತ್ತು, ಬಿಪಿ 90ರ ಕೆಳಗೆ. ಕಾರ್ಡಿನಲ್ಲಿ ಎರಡು ಗೆರೆ ಬಂತು.

ಡಾಕ್ಟರ್ ಬಂದು ನೋಡಿದರು, ಸ್ಕ್ಯಾನಿಗೆ ಅಂತ ಕಾಯಲಿಲ್ಲ. ನಾವು ಎರಡೂ ಕೈಗೆ ದಪ್ಪ ಸೂಜಿ ಹಾಕಿ ಆರ್‌ಎಲ್ ಡ್ರಿಪ್ ಶುರು ಮಾಡಿದೆವು. ಗ್ರೂಪಿಂಗ್‌ಗೆ ರಕ್ತ ತೆಗೆದಿಟ್ಟೆವು, ಕಾಲು ಎತ್ತರಿಸಿದೆವು. ಬಾಯಿಗೆ ನೀರೂ ಕೊಡಲಿಲ್ಲ. ಬಿಪಿ 120 ಆಗಲಿ ಅಂತ ಬಾಟಲಿ ಮೇಲೆ ಬಾಟಲಿ ಸುರಿಯಬಾರದು, ಒಳಗಿನ ಸೋರಿಕೆ ಹೆಚ್ಚುತ್ತದೆ. 108ಕ್ಕೆ ಹೇಳಿದ ಕೂಡಲೇ ತುಮಕೂರಿನ ಆಸ್ಪತ್ರೆಗೂ ಫೋನ್ ಮಾಡಿ, "ಯುಪಿಟಿ ಪಾಸಿಟಿವ್, ಆಪರೇಷನ್ ಆಗಿದೆ, ಬಿಪಿ ಬಿದ್ದು ಶಾಕ್‌ನಲ್ಲಿದ್ದಾಳೆ, ಟ್ಯೂಬ್ ಒಡೆದಿರಬಹುದು, ರಕ್ತ ರೆಡಿ ಇರಲಿ" ಅಂದೆ. ಮಧುಗಿರಿ, ಕೊರಟಗೆರೆ ದಾಟಿ ಸುಮಾರು 100 ಕಿಲೋಮೀಟರ್ ದಾರಿ. ಗಾಡಿ ಮುಟ್ಟಿದ ಮೇಲೆ ಅಲ್ಲಿ ರಕ್ತ ಹುಡುಕುತ್ತಾ ಕೂತರೆ ಆಗುತ್ತಾ? ಅಂದು ಕೂರಬೇಕಾಗಲಿಲ್ಲ. ಒಡೆದ ಟ್ಯೂಬ್ ತೆಗೆದರು, ಉಳಿದಳು.

ಗಾಡಿ ಬರುವ ಮುಂಚೆ ಇನ್ನೊಂದು ಕೆಲಸ ಇತ್ತು. "ಆಪರೇಷನ್ ಆದಮೇಲೆ ಬಸಿರಾ?" ಅಂತ ಅತ್ತೆ ಸೊಸೆಯನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. "ಅಮ್ಮ, ಕಟ್ಟಿದ ಟ್ಯೂಬ್ ಕೆಲವರಿಗೆ ಮತ್ತೆ ಕೂಡಿಕೊಳ್ಳುತ್ತೆ, ಇವಳ ತಪ್ಪೇನಿಲ್ಲ" ಅಂತ ಗಂಡನ ಎದುರಿಗೇ ಹೇಳಿದೆ. ಇದನ್ನೂ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಮೆಡಿಕಲ್ ಶಾಪಿನಿಂದ ಗರ್ಭ ಇಳಿಸುವ ಮಾತ್ರೆ ತಂದು ನುಂಗಿರುವವರೂ ಬರುತ್ತಾರೆ. ರಕ್ತ ಹೋಯ್ತು, ಮುಗೀತು ಅಂದುಕೊಂಡಿರುತ್ತಾರೆ. ಟ್ಯೂಬಿನಲ್ಲಿರುವ ಗರ್ಭ ಆ ಮಾತ್ರೆಗೆ ಇಳಿಯುವುದಿಲ್ಲ. ಮನೆಯವರನ್ನು ಹೊರಗೆ ಕಳಿಸಿ ಇದನ್ನು ಕೇಳಬೇಕು, ಎದುರಿಗೆ ಯಾರೂ ಬಾಯಿಬಿಡಲ್ಲ.

ಟ್ಯೂಬ್ ಒಡೆಯುವ ಮೊದಲೇ ಸಿಕ್ಕಿದ ಕೆಲವರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ನಲ್ಲೇ ಗುಣವಾಗುತ್ತದೆ. ಅವರು ಊರಿಗೆ ಬಂದಾಗ ಆಶಾ ಕಾರ್ಯಕರ್ತೆಗೆ ನಾನೇ ಫೋನ್ ಮಾಡುತ್ತೇನೆ. ರಕ್ತ ಕಡಿಮೆ ಇದೆ ಅಂತ ಸುಮ್ನೆ ಕಬ್ಬಿಣದ ಮಾತ್ರೆ ಕೊಟ್ಟುಬಿಡುತ್ತಾರಲ್ವಾ, ಅದರಲ್ಲಿ ಫೋಲಿಕ್ ಆಸಿಡ್ ಇರುತ್ತದೆ. ಇಂಜೆಕ್ಷನ್ನಿನ ಕೆಲಸವನ್ನೇ ಅದು ಕೆಡಿಸುತ್ತದೆ. ಡಾಕ್ಟರ್ ಹೇಳುವವರೆಗೆ ಆ ಮಾತ್ರೆ ಕೊಡಬೇಡ ಅಂತ ಹೇಳಿಡುತ್ತೇನೆ.