ಆಟದ ನಕ್ಷೆಯನ್ನು ಮಳೆ, ಮಡಿಕೆ, ಚಹಾದಿಂದ ಉಳಿಸಿಕೊಳ್ಳುವುದು ಹೇಗೆ?

ಚೌಕಾಬಾರ ಆಡುವಾಗ ಈ ತಲೆನೋವೇ ಇರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆಯುತ್ತಿದ್ದೆವು, ಅಳಿಸಿಹೋದರೆ ಮತ್ತೆ ಬರೆದರಾಯಿತು. ಈಗ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಹರಡಿಕೊಳ್ಳುವುದು ಬೇರೆಯದೇ ಆಟ. ಒಂದು ವಾರ ದೊಡ್ಡ ಕಾಗದದ ನಕ್ಷೆಯ ಮೇಲೆ ರಟ್ಟಿನ ಕಾಯಿಗಳ ಸೈನ್ಯ ನಡೆಸುವ ಯುದ್ಧದಾಟ, ಇನ್ನೊಂದು ವಾರ ದಾಳ ಉರುಳಿಸುತ್ತಾ ಕತೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಹದ್ದು. ಕಾಯಿ ಕಳೆದರೆ ರಟ್ಟು ಕತ್ತರಿಸಿ ಮಾಡಿಕೊಳ್ಳಬಹುದು. ದಾಳ ಎಲ್ಲಿ ಬೇಕಾದರೂ ಸಿಗುತ್ತದೆ. ನಕ್ಷೆ ಹರಿದರೆ ಮಾತ್ರ ಕಷ್ಟ, ಅದೊಂದನ್ನೇ ಬೇರೆಯಾಗಿ ಮಾರುವವರು ಕಡಿಮೆ.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ನಕ್ಷೆ ಬಂದ ಖುಷಿಯಲ್ಲಿ ಅದನ್ನು ಲ್ಯಾಮಿನೇಟ್ ಮಾಡಿಸಲು ಸ್ಟೇಷನ್ ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಮಳೆಗಾಲ, ಕಾಗದ ತೇವ ಹಿಡಿದಿತ್ತು. ಯಂತ್ರದಿಂದ ಹೊರಬಂದಾಗ ನದಿಯ ಉದ್ದಕ್ಕೂ ಗುಳ್ಳೆ, ಒಂದು ಮೂಲೆಯಲ್ಲಿ ಸುಕ್ಕು. ಬಿಸಿ ಲ್ಯಾಮಿನೇಶನ್‌ನಲ್ಲಿ ಅಂಟು ಕರಗಿ ಕಾಗದದ ಒಳಕ್ಕೇ ಇಳಿಯುತ್ತದೆ. ಅದನ್ನು ಬಿಡಿಸಲು ಹೋದರೆ ಮೇಲಿನ ಚಿತ್ರವೂ ಎದ್ದು ಬರುತ್ತದೆ. ಅವತ್ತಿನಿಂದ ನನ್ನದು ಒಂದೇ ನಿಯಮ: ಬಿಡಿಸಲಾಗದ ಯಾವುದನ್ನೂ ಅಸಲಿ ನಕ್ಷೆಗೆ ಅಂಟಿಸುವುದಿಲ್ಲ.

ಮೊದಲು ಮಡಿಕೆ ನೋಡಿ

ಕಾಫಿ, ಚಹಾ ಚೆಲ್ಲುವುದು ಯಾವತ್ತೋ ಒಂದು ದಿನ. ಮಡಿಕೆ ಪ್ರತಿ ವಾರ ಕಾಗದವನ್ನು ತಿನ್ನುತ್ತದೆ. ಯುದ್ಧದಾಟಗಳ ನಕ್ಷೆ ಸಾಮಾನ್ಯವಾಗಿ 22 ಇಂಚು ಅಗಲ, 34 ಇಂಚು ಉದ್ದ. ಡಬ್ಬದೊಳಗೆ ಹಿಡಿಸಲು ಅದನ್ನು 8 ಭಾಗವಾಗಿ ಮಡಿಸಿರುತ್ತಾರೆ. ಉದ್ದಕ್ಕೆ ಒಂದು ಮಡಿಕೆ, ಅಡ್ಡಕ್ಕೆ 3. ಇವು ಒಂದನ್ನೊಂದು ದಾಟುವ 3 ಜಾಗಗಳಲ್ಲಿ ಕಾಗದದ ನಾರು ಎರಡೂ ಕಡೆಯಿಂದ ಮುರಿಯುತ್ತದೆ. ನಕ್ಷೆಯನ್ನು ಟ್ಯೂಬ್‌ಲೈಟ್ ಎದುರು ಎತ್ತಿ ಹಿಡಿದು ನೋಡಿ. ಆ ಮೂರು ಕಡೆ ಸೂಜಿ ಚುಚ್ಚಿದಷ್ಟು ಬೆಳಕು ಕಂಡರೆ ಹರಿಯಲು ಶುರುವಾಗಿದೆ ಎಂದೇ ಅರ್ಥ.

ಮಡಿಕೆ ಎದ್ದು ನಿಂತಿದೆ ಎಂದು ಅದನ್ನು ಉಲ್ಟಾ ಮಡಿಸಿ ಉಗುರಿನಿಂದ ಉಜ್ಜುವವರಿದ್ದಾರೆ. ತಕ್ಷಣಕ್ಕೆ ಚಪ್ಪಟೆಯಾಗುತ್ತದೆ ನಿಜ, ಆದರೆ ನಾರು ಇನ್ನಷ್ಟು ಮುರಿಯುತ್ತದೆ. ಅದರ ಬದಲು ನಕ್ಷೆಯ ಕೆಳಗೂ ಮೇಲೂ ಒಂದೊಂದು ಬಿಳಿ ಹಾಳೆ ಹಾಸಿ ಗಾದಿಯ ಕೆಳಗೆ ಇಡಿ. ಹಿಂದೆ ಪ್ಯಾಂಟಿನ ಗೆರೆ ನಿಲ್ಲಲಿ ಎಂದು ಇಡುತ್ತಿದ್ದರಲ್ಲ, ಹಾಗೆ. ಒಂದು ವಾರ ಅದನ್ನು ಮರೆತುಬಿಡಿ. ನ್ಯೂಸ್‌ಪೇಪರ್ ಮಾತ್ರ ಹಾಸಬೇಡಿ, ಮಸಿ ಹತ್ತುತ್ತದೆ. ಇಸ್ತ್ರಿ ಪೆಟ್ಟಿಗೆಯ ಯೋಚನೆಯೂ ಬೇಡ. ಲೇಸರ್ ಪ್ರಿಂಟ್ ಆಗಿದ್ದರೆ ಬಿಸಿಗೆ ಟೋನರ್ ಮೆತ್ತಗಾಗಿ ಬಟ್ಟೆಗೆ ಹತ್ತಿಕೊಳ್ಳುತ್ತದೆ.

ಈಗಾಗಲೇ ಹರಿದಿದ್ದರೆ ಹಿಂಬದಿಯಿಂದ ದುರಸ್ತಿ ಮಾಡಿ. ಮಾಮೂಲಿ ಸೆಲ್ಲೋಟೇಪ್ ಕೆಲವು ವರ್ಷಕ್ಕೆ ಹಳದಿಯಾಗುತ್ತದೆ. ಪ್ಲಾಸ್ಟಿಕ್ ಉದುರಿಹೋದರೂ ಅಂಟಿನ ಕಲೆ ಕಾಗದದಲ್ಲೇ ಉಳಿಯುತ್ತದೆ. ಆಸಿಡ್-ಫ್ರೀ ಎಂದು ಬರೆದ ಪೇಪರ್ ಟೇಪ್ ಸಿಗುತ್ತದೆ, ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ ನೋಡಿ. ಹರಿದ ಉದ್ದಕ್ಕೂ ಎಳೆಯುವುದು ಬೇಡ. ಮಡಿಕೆ ಸೇರುವ ಜಾಗಕ್ಕೆ ಹೆಬ್ಬೆರಳ ಉಗುರಿನಷ್ಟು ತುಂಡು ಸಾಕು.

ಮೇಲೊಂದು ಅಕ್ರಿಲಿಕ್ ಹಾಳೆ

ದುಡ್ಡು ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ. ನೇಮ್‌ಪ್ಲೇಟ್, ಅಂಗಡಿ ಬೋರ್ಡ್ ಮಾಡುವವರ ಹತ್ತಿರ ಹೋಗಿ 24 ಇಂಚು ಅಗಲ, 36 ಇಂಚು ಉದ್ದದ ಪಾರದರ್ಶಕ ಅಕ್ರಿಲಿಕ್, ಅಂದರೆ ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್ ಹಾಳೆ ಕೇಳಿ. 2 ಮಿಲಿಮೀಟರ್ ದಪ್ಪ ಸಾಕು, ತೂಕ ಸುಮಾರು 1.3 ಕಿಲೋ ಆಗುತ್ತದೆ. 3 ಮಿಲಿಮೀಟರ್‌ನದು 2 ಕಿಲೋ ಮುಟ್ಟುತ್ತದೆ. ನಕ್ಷೆಯ ಮೇಲೆ ಚೆನ್ನಾಗಿ ಕೂರುತ್ತದೆ, ಆದರೆ ಮಂಚದ ಕೆಳಗಿಂದ ಎಳೆಯುವಾಗ ಅದರ ಭಾರ ಗೊತ್ತಾಗುತ್ತದೆ. ಅಂಚನ್ನು ಉಜ್ಜಿ ಕೊಡಲು ಹೇಳಿ. ಇಲ್ಲದಿದ್ದರೆ ಅಂಗೈ ಗೀರಿಕೊಳ್ಳುತ್ತೀರಿ. ಗಾಜು ಬೇಡ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಈ ಹಾಳೆ ಇಟ್ಟರೆ ಮಡಿಕೆಯ ಉಬ್ಬು ಕೂತುಬಿಡುತ್ತದೆ, ಕಾಯಿ ವಾಲುವುದಿಲ್ಲ. ಚಹಾ ಚೆಲ್ಲಿದರೂ ಮೇಲೇ ನಿಲ್ಲುತ್ತದೆ. ಆದರೆ ಅಂಚಿನಿಂದ ಒಳಗೆ ನುಗ್ಗುವ ಮೊದಲು ಒರೆಸಬೇಕು. ಅದಕ್ಕೇ ನಕ್ಷೆಗಿಂತ ಸುತ್ತಲೂ ಒಂದಿಂಚು ದೊಡ್ಡ ಹಾಳೆ ತನ್ನಿ ಎಂದಿದ್ದು. ನಮ್ಮ ಮನೆಯಲ್ಲಿ ಲೋಟ, ಚಕ್ಕುಲಿ ತಟ್ಟೆಗೆ ಬೇರೆ ಸ್ಟೂಲ್ ಇದೆ. ವಡಾಪಾವ್ ತಿಂದವರು ಕೈ ತೊಳೆದು ಬಂದಮೇಲೇ ಅವರ ಸರದಿ.

ಒರೆಸಲು ಸೋಪು ನೀರು, ಮೆತ್ತನೆ ಬಟ್ಟೆ. ಸ್ಪಿರಿಟ್, ಥಿನ್ನರ್ ಹಾಕಿದರೆ ಅಕ್ರಿಲಿಕ್‌ನಲ್ಲಿ ಕೂದಲಿನಂಥ ಬಿರುಕು ಏಳುತ್ತದೆ. ಒಣಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಸ್ಟ್ಯಾಟಿಕ್ ಹುಟ್ಟಿ ಧೂಳೆಲ್ಲ ಬಂದು ಅಂಟುತ್ತದೆ. ಮಾರ್ಕರ್‌ನಲ್ಲಿ ಗೆರೆ ಎಳೆಯುವುದಿದ್ದರೆ ಮೊದಲು ಮೂಲೆಯಲ್ಲಿ ಬರೆದು ಅಳಿಸಿ ನೋಡಿ. ಒಂದು ತೊಂದರೆ ಇದೆ: ನುಣುಪು ಹಾಳೆಯ ಮೇಲೆ ಅರ್ಧ ಇಂಚಿನ ರಟ್ಟಿನ ಕಾಯಿಗಳು ಜಾರುತ್ತವೆ. ನಮ್ಮಲ್ಲೊಬ್ಬರು ಫ್ಯಾನ್ 5ಕ್ಕೆ ತಿರುಗಿಸಿದ್ದಕ್ಕೆ ಒಂದು ಇಡೀ ಸೈನ್ಯ ನದಿ ದಾಟಿಬಿಟ್ಟಿತ್ತು! ಈಗ ಫ್ಯಾನ್ 2 ದಾಟುವುದಿಲ್ಲ, ಬೆವರಿದರೆ ಬೆವರಲಿ.

ಕತೆಯಾಟದವರು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಬರೆದ ನಕ್ಷೆಗೆ ಇಷ್ಟೆಲ್ಲ ಬೇಡ. ಬಿಲ್ಡಿಂಗ್ ಪ್ಲಾನ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಪ್ರತಿಯ ಮೇಲೆ ಆಡಿ. ಲ್ಯಾಮಿನೇಶನ್ ಆಸೆ ತೀರಿಸಿಕೊಳ್ಳುವುದಿದ್ದರೆ ಆ ಪ್ರತಿಯ ಮೇಲೆ ತೀರಿಸಿಕೊಳ್ಳಿ.

ಮಳೆಗಾಲ

ಜುಲೈ ಒಂದೇ ತಿಂಗಳಲ್ಲಿ ಸರಾಸರಿ 800 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ಮುಂಬೈ. ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಅದೂ ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ. ಅಲೆಅಲೆಯಾಗಿ ಏಳುವುದು ಅದಕ್ಕೇ. ಆಟ ಮುಗಿದ ಮೇಲೆ ಅಕ್ರಿಲಿಕ್ ಅನ್ನು ನಕ್ಷೆಯ ಮೇಲೇ ಬಿಡಬೇಡಿ, ತೇವ ಸಿಕ್ಕಿಹಾಕಿಕೊಂಡು ಬೂಷ್ಟು ಹಿಡಿಯುತ್ತದೆ. ಎತ್ತಿ, ಅರ್ಧ ಗಂಟೆ ಫ್ಯಾನ್ ಗಾಳಿಗೆ ಬಿಟ್ಟು ಆಮೇಲೆ ಒಳಗಿಡಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಶೂ ಡಬ್ಬದಲ್ಲಿ ಬಂದ ಸಿಲಿಕಾ ಜೆಲ್ ಪೊಟ್ಟಣವನ್ನೂ ನಂಬಬೇಡಿ, ಅದು ಅಷ್ಟರಲ್ಲಾಗಲೇ ಹೊಟ್ಟೆತುಂಬ ನೀರು ಕುಡಿದಿರುತ್ತದೆ. ಹೊಸದು ತನ್ನಿ. ನುಸಿಗುಳಿಗೆ ಹಾಕುವುದಿದ್ದರೆ ಆಟದ ಪ್ಲಾಸ್ಟಿಕ್ ಬೊಂಬೆಗಳಿಗೆ ತಾಗದಂತೆ ಇಡಿ.

ಸುತ್ತಿ ಒಯ್ಯುವಾಗ

ಸಾಧ್ಯವಿದ್ದರೆ ಮಂಚದ ಕೆಳಗೆ ಚಪ್ಪಟೆಯಾಗಿಡಿ. ಸುತ್ತಲೇಬೇಕೆಂದರೆ ಚಿತ್ರ ಹೊರಗೆ ಬರುವಂತೆ ಸುತ್ತಿ. ಆಗ ಹರಡಿದಾಗ ಅಂಚುಗಳು ಮೇಜಿನ ಕಡೆಗೆ ಬಾಗುತ್ತವೆ. ಒಳಗೆ ಬರುವಂತೆ ಸುತ್ತಿದರೆ ಮೇಲಕ್ಕೆ ಎದ್ದು ಕಾಯಿಗಳನ್ನು ಉರುಳಿಸುತ್ತವೆ. ಕೊಳವೆ ದಪ್ಪಗಿದ್ದಷ್ಟೂ ಒಳ್ಳೆಯದು, ಸಣ್ಣದರಲ್ಲಿ ತುರುಕಿದರೆ ಹೊರತೆಗೆಯುವಾಗಲೇ ಅಂಚು ಹರಿಯುತ್ತದೆ.

ಮುಲುಂಡ್, ಮಾಟುಂಗಾದ ಗೆಳೆಯರ ಮನೆಗೆ ಲೋಕಲ್ ರೈಲಿನಲ್ಲಿ ಒಯ್ಯುವಾಗ ಕೊಳವೆಯನ್ನು ಹೆಗಲಿಗೆ ಅಡ್ಡ ಹಾಕಬೇಡಿ. ಠಾಣೆಯಲ್ಲಿ ಹತ್ತುವ ಗುಂಪು ಅದನ್ನೂ ನಿಮ್ಮನ್ನೂ ಬೇರೆ ಬೇರೆ ದಿಕ್ಕಿಗೆ ಒಯ್ಯುತ್ತದೆ. ಎದೆಗೆ ಒತ್ತಿ ನೆಟ್ಟಗೆ ಹಿಡಿಯಿರಿ. ಮೇಲಿನ ರ‍್ಯಾಕ್‌ನಲ್ಲಿ ಇಡುವುದಾದರೆ ನಿಮ್ಮ ಫೋನ್ ನಂಬರ್ ಬರೆದು ಇಡಿ, ಇಳಿಯುವ ಅವಸರದಲ್ಲಿ ನಾನೊಮ್ಮೆ ಮರೆತಿದ್ದೇನೆ. ನಂಬರ್ ಕೊಳವೆಯ ಮೈಮೇಲೇ ಬರೆಯಿರಿ. ಮುಚ್ಚಳದ ಮೇಲೆ ಬೇಡ, ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ಅದೇ.